ಸೋಮವಾರದ ನೀರು

ಕಲಬುರಗಿ ಸೀಮೆಯ ಕಮಲಾಪುರದಲ್ಲಿ ಆ ಕಾಲಕ್ಕೆ ಮೊಟ ಹೊಡೆಯುವ ಹೆಂಗಸೆಂದರೆ ಸಾಬಮ್ಮ ಒಬ್ಬಳೇ. ಮೊಟ ಎಂದರೇನು ಎಂದು ಈಗಿನವರಿಗೆ ಬಿಡಿಸಿ ಹೇಳಬೇಕು. ಬಾವಿಯ ದಂಡೆಯಿಂದ ಇಳಿಜಾರಾದ ಒಂದು ದಾರಿ, ಆ ದಾರಿಯಲ್ಲಿ ಎರಡು ಎತ್ತು, ಅವುಗಳ ನೊಗಕ್ಕೆ ಕಟ್ಟಿದ ದಪ್ಪ ಹಗ್ಗ, ಹಗ್ಗದ ಇನ್ನೊಂದು ತುದಿಗೆ ತೊಗಲಿನ ದೊಡ್ಡ ಚೀಲ. ಎತ್ತು ಇಳಿಜಾರಿನಲ್ಲಿ ಕೆಳಗೆ ಹೋದರೆ ಚೀಲ ಬಾವಿಯಿಂದ ಮೇಲೆ ಬಂದು ಕಾಲುವೆಗೆ ನೀರು ಸುರಿಯುತ್ತದೆ. ಎತ್ತು ಹಿಮ್ಮೆಟ್ಟಿ ಮೇಲೆ ಬಂದರೆ ಚೀಲ ಮತ್ತೆ ಬಾವಿಗೆ ಇಳಿಯುತ್ತದೆ. ಇದು ಗಂಡಸರ ಕೆಲಸವೆಂದು ಊರು ತೀರ್ಮಾನಿಸಿತ್ತು. ಸಾಬಮ್ಮನ ಗಂಡ ಪ್ಲೇಗಿನಲ್ಲಿ ತೀರಿಕೊಂಡ ಹದಿನೈದು ದಿನಕ್ಕೆ ಅವಳೇ ಬಂದು ಎತ್ತು ಹೂಡಿದಳು. ಊರು ಒಂದು ವಾರ ನಕ್ಕಿತು, ಆಮೇಲೆ ಬಾಳೆಗೆ ನೀರು ಸರಿಯಾಗಿ ಹರಿಯುತ್ತಿರುವುದನ್ನು ಕಂಡು ಸುಮ್ಮನಾಯಿತು.

ಆ ಬಾಳೆಯ ತೋಟ, ಎತ್ತು, ಬಾವಿ ಎಲ್ಲವೂ ನನ್ನ ಸೋದರಮಾವ ಅಣವೀರಪ್ಪನವರದು. ಕಮಲಾಪುರದ ಕೆಂಪು ಬಾಳೆಯ ರುಚಿ ಗೊತ್ತಿದ್ದವರಿಗೆ ಆ ತೋಟದ ಬೆಲೆ ಹೇಳಬೇಕಾಗಿಲ್ಲ. ಆ ಬಾಳೆಯ ಒಂದೊಂದು ಗೊನೆಯ ಹಿಂದೆಯೂ ಸಾಬಮ್ಮನ ಬೆವರಿತ್ತು. ಎತ್ತರದ ಒಣಕಲು ಹೆಂಗಸು, ಗೊಗ್ಗರು ಧ್ವನಿ, ಮಾತು ಬಲು ಕಡಿಮೆ. ಆ ಕಡಿಮೆ ಮಾತೂ ಎತ್ತುಗಳ ಜೊತೆಗೇ. ಅವುಗಳಿಗೆ ಅವಳು "ಹೋಗ್ರಿ", "ಬರ್ರಿ", "ನಿಂದ್ರಿ" ಎಂದು ಬಹುವಚನ ಕೊಡುತ್ತಿದ್ದಳು. ಯಾಕೆಂದು ಕೇಳಿದರೆ "ಬಸವಣ್ಣನ ಮಕ್ಳು ಅವರು" ಎನ್ನುವಳು. ಅವಳಿಗೆ ಮಾತ್ರ ನಮ್ಮ ಮನೆಯಲ್ಲಿ ಯಾರೂ ಬಹುವಚನ ಕೊಟ್ಟಿರಲಿಲ್ಲ. ಅವಳಿಗಿಂತ ಇಪ್ಪತ್ತು ವರ್ಷಕ್ಕೆ ಚಿಕ್ಕವನಾದ ನಾನೂ "ಏ ಸಾಬಮ್ಮ" ಎಂದೇ ಕರೆಯುತ್ತಿದ್ದೆ.

ಅವಳು ಊರ ಹೊರಗಿನ ಕೇರಿಯವಳು. ಹನ್ನೆರಡು ವರ್ಷ ಆ ಬಾವಿಯ ನೀರೆತ್ತಿದರೂ ಬಾವಿಯ ಒಂದು ಮೆಟ್ಟಲನ್ನೂ ತುಳಿದಿರಲಿಲ್ಲ. ನೀರಡಿಸಿದರೆ ಕಾಲುವೆಯ ಕೊನೆಯ ತನಕ ನಡೆದು ಹೋಗಿ, ಬಾಳೆಯ ಬುಡಕ್ಕೆ ಹರಿಯುವ ನೀರನ್ನು ಬೊಗಸೆಯಲ್ಲಿ ಎತ್ತಿ ಕುಡಿಯಬೇಕು. ತಾನೇ ಎತ್ತಿದ ನೀರು, ಕುಡಿಯಲು ಇನ್ನೂರು ಹೆಜ್ಜೆ. ಅದನ್ನು ನಾನು ಚಿಕ್ಕಂದಿನಿಂದ ನೋಡಿದ್ದೆ. ನೋಡಿ ನೋಡಿ ಅದು ನನ್ನ ಕಣ್ಣಿಗೆ ಬೀಳುವುದೇ ನಿಂತು ಹೋಗಿತ್ತು.

ಇನ್ನು ನನ್ನ ಸಂಗತಿ. ನಾನು ನೀಲಕಂಠ, ಕಲಬುರಗಿಯಲ್ಲಿ ಬಟ್ಟೆ ವ್ಯಾಪಾರಿಯ ಮಗ. ನಿಜಾಮರ ಆಳ್ವಿಕೆಯ ಕೊನೆಯ ವರ್ಷಗಳಲ್ಲಿ ಅಲ್ಲಿನ ಒಂದು ಶಾಲೆಯಲ್ಲಿ ಭೂಗೋಳದ ಮಾಸ್ತರನಾಗಿದ್ದೆ. ಪಾಠವೆಲ್ಲ ಉರ್ದುವಿನಲ್ಲಿ. ಕನ್ನಡದ ಮಕ್ಕಳಿಗೆ, ಸಮುದ್ರವನ್ನು ಕಂಡೇ ಇಲ್ಲದ ನಾನು, ಸಮುದ್ರದ ಉಬ್ಬರವಿಳಿತವನ್ನು ಉರ್ದುವಿನಲ್ಲಿ ಕಲಿಸುತ್ತಿದ್ದೆ. ಅವರಿಗೂ ತಿಳಿಯುತ್ತಿರಲಿಲ್ಲ, ನನಗೂ ತಿಳಿದಿರಲಿಲ್ಲ, ತನಿಖೆಗೆ ಬರುವ ಸಾಹೇಬರಿಗೆ ಮಾತ್ರ ಬಲು ಸಂತೋಷವಾಗುತ್ತಿತ್ತು.

ನನಗೆ ಅದನ್ನು ತಿಳಿಸಿಕೊಟ್ಟವನು ಬಂದೇನವಾಜ್. ನಮ್ಮ ಶಾಲೆಯಲ್ಲಿ ವಿಜ್ಞಾನ ಕಲಿಸುತ್ತಿದ್ದ, ನನ್ನ ವಯಸ್ಸಿನವನೇ. ಚಂದ್ರನ ಹುಚ್ಚು ಅವನಿಗೆ. ಒಂದು ಪೋಸ್ಟ್ ಕಾರ್ಡಿನಲ್ಲಿ ಸಣ್ಣ ಸೀಳು ಮಾಡಿ, ಕಾರ್ಡಿಗೆ ಒಂದು ದಾರ ಕಟ್ಟಿ, ದಾರದ ತುದಿಯನ್ನು ಹಲ್ಲಿನಲ್ಲಿ ಕಚ್ಚಿ ಹಿಡಿಯುತ್ತಿದ್ದ. ಹುಣ್ಣಿಮೆಯ ಚಂದ್ರ ಆ ಸೀಳಿನಲ್ಲಿ ಸರಿಯಾಗಿ ಕೂರುವ ತನಕ ಕಾರ್ಡನ್ನು ಹಿಂದೆ ಮುಂದೆ ಸರಿಸಿ, ಕೂತ ಜಾಗಕ್ಕೆ ದಾರದಲ್ಲಿ ಗಂಟು ಹಾಕುವನು. ಚಂದ್ರ ದೊಡ್ಡದಾಗಿ ಕಂಡರೆ ಕಾರ್ಡು ಕಣ್ಣಿನ ಹತ್ತಿರ ಬರಬೇಕು, ಸಣ್ಣದಾಗಿ ಕಂಡರೆ ದೂರ ಹೋಗಬೇಕು. ಹತ್ತು ತಿಂಗಳಲ್ಲಿ ಹತ್ತು ಗಂಟು ಬಿದ್ದಿದ್ದವು, ಒಂದೂ ಇನ್ನೊಂದರ ಮೇಲೆ ಬಿದ್ದಿರಲಿಲ್ಲ.

"ನೋಡು ನೀಲಕಂಠ, ಚಂದ್ರ ಒಂದೇ ದೂರದಾಗ ಇರಂಗಿಲ್ಲ," ಎಂದು ದಾರ ತೋರಿಸಿದ. "ಹತ್ರ ಬರ್ತಾನ, ದೂರ ಹೋಗ್ತಾನ. ಅಕ್ಟೋಬರದಿಂದ ಪ್ರತಿ ಹುಣ್ಣಿಮಿಗಿ ಹತ್ರ ಹತ್ರ ಬರಾಕತ್ಯಾನ. ಜನವರಿ ಹುಣ್ಣಿಮಿಗಿ ನಾ ಕಂಡಿದ್ದರಾಗ ಎಲ್ಲಾಕಿಂತ ಹತ್ರ ಬರ್ತಾನ, ಲಿಖ್ ಕೇ ರಖ್, ಬರೆದಿಟ್ಕೋ."

ಹತ್ತಿರ ಬಂದರೆ ಏನಾಗುತ್ತದೆ ಎಂದು ಕೇಳಿದೆ. ಅವನು ಒಮ್ಮೆ ಮುಂಬಯಿಗೆ ಹೋಗಿ ಮೂರು ದಿನ ಸಮುದ್ರದ ದಂಡೆಯಲ್ಲೇ ಕೂತು ಬಂದವನು. ಮೀನುಗಾರರು ಗಡಿಯಾರ ನೋಡುವುದಿಲ್ಲ, ಚಂದ್ರನನ್ನು ನೋಡಿ ದೋಣಿ ಇಳಿಸುತ್ತಾರೆ ಎಂದ. ಮರಳಿನಲ್ಲಿರುವ ಏಡಿ ಕೂಡ ನೀರು ಏರುವ, ಇಳಿಯುವ ಹೊತ್ತನ್ನು ನೋಡಿಕೊಂಡೇ ಬಿಲದಿಂದ ಹೊರಗೆ ಬರುತ್ತದೆ ಎಂದ. ಚಂದ್ರ ಈಗಿರುವ ಅರ್ಧ ದೂರಕ್ಕೆ ಬಂದರೆ ಅವನ ಸೆಳೆತಕ್ಕೆ ಸಮುದ್ರ ಎರಡು ಪಟ್ಟಲ್ಲ, ಎಂಟು ಪಟ್ಟು ಏರುತ್ತದಂತೆ. ಸದ್ಯ ಅಷ್ಟು ಹತ್ತಿರ ಬರುವುದಿಲ್ಲ. ಆದರೂ ಜನವರಿಯ ಹುಣ್ಣಿಮೆಗೆ ಉಬ್ಬರ ಎಂದಿಗಿಂತ ರೂಪಾಯಿಗೆ ನಾಲ್ಕಾಣೆ ಹೆಚ್ಚಾಗುತ್ತದೆ ಎಂದು ಲೆಕ್ಕ ಮಾಡಿ ತೋರಿಸಿದ. ಆಮೇಲೆ ಅಡುಗೆಮನೆಯಿಂದ ಹಿಟ್ಟು ಕಲಸುವ ಅಗಲವಾದ ಪರಾತವನ್ನೂ ಒಂದು ಗಿಲಾಸನ್ನೂ ತಂದು ಎರಡರಲ್ಲೂ ನೀರು ಹಾಕಿದ. ಪರಾತವನ್ನು ಒಂದು ಎಳೆಯಷ್ಟು ಓರೆ ಮಾಡಿದರೆ ನೀರು ಅಂಚಿಗೆ ಏರಿ ಚೆಲ್ಲಿತು. ಗಿಲಾಸನ್ನು ಅಷ್ಟೇ ಓರೆ ಮಾಡಿದರೆ ಏನೂ ಆಗಲಿಲ್ಲ.

"ಸಮುದ್ರ ಅಂದ್ರ ಪರಾತ," ಎಂದ. "ನೆನಪಿಟ್ಕೋ."

ನಾನು ಪರಾತವನ್ನು ನೆನಪಿಟ್ಟುಕೊಂಡೆ. ಗಿಲಾಸನ್ನು ಮರೆತೆ.

ಆ ದಿನಗಳಲ್ಲಿ ನಾನು ಪಾಠದ ಜೊತೆಗೆ ಇನ್ನೊಂದು ಕೆಲಸ ಮಾಡುತ್ತಿದ್ದೆ. ದೇಶ ಸ್ವತಂತ್ರವಾದರೂ ಹೈದರಾಬಾದ್ ಸಂಸ್ಥಾನ ಅದರೊಳಗೆ ಸೇರಿರಲಿಲ್ಲ. ಸೇರಬೇಕೆಂದು ಹೋರಾಡುತ್ತಿದ್ದ ನಮ್ಮವರ ಶಿಬಿರಗಳು ಗಡಿಯಾಚೆ ಇದ್ದವು, ಅಲ್ಲಿಂದ ಬಂದ ಕಾಗದಗಳನ್ನು ನಾನು ಭೂಗೋಳದ ನಕ್ಷೆಗಳ ಸುರುಳಿಯಲ್ಲಿ ಸುತ್ತಿ ಕಲಬುರಗಿಯಲ್ಲಿ ಹಂಚುತ್ತಿದ್ದೆ. ನಿಜಾಮರ ಪರವಾಗಿ ಬಂದೂಕು ಹಿಡಿದ ರಜಾಕಾರರ ಕಾಲ ಅದು. ಸಂಕ್ರಾಂತಿ ಕಳೆದ ನಾಲ್ಕನೆಯ ದಿನ ಮಧ್ಯಾಹ್ನ ಬಂದೇನವಾಜ್ ಓಡುತ್ತಾ ಮನೆಗೆ ಬಂದ. ಬಾಗಿಲು ಹಾಕಿಕೊಂಡ.

"ನಿನ್ನ ಹೆಸರು ಫೇರಿಸ್ತಿನಾಗ, ರಜಾಕಾರರ ಪಟ್ಟಿನಾಗ, ಬಂದದ. ಇವತ್ತೇ ಊರು ಬಿಡು," ಎಂದ.

ತನ್ನ ಶೇರವಾನಿಯನ್ನೂ ರೂಮಿ ಟೋಪಿಯನ್ನೂ ನನಗೆ ತೊಡಿಸಿ ಹುಮನಾಬಾದಿನ ಕಡೆಗೆ ಹೋಗುವ ಬಸ್ಸಿನಲ್ಲಿ ನನ್ನ ಪಕ್ಕದಲ್ಲೇ ಕೂತ. ದಾರಿಯಲ್ಲಿ ಎರಡು ಕಡೆ ಬಸ್ಸು ನಿಲ್ಲಿಸಿ ಮುಖ ನೋಡಿದರು. ಎರಡೂ ಸಲ ಅವನು "ಮೇರಾ ಛೋಟಾ ಭಾಯಿ, ಬುಖಾರ್ ಹೈ" ಎಂದು, ತಮ್ಮನಿಗೆ ಜ್ವರವೆಂದು ನಂಬಿಸಿ, ನನ್ನ ತಲೆಯನ್ನು ತನ್ನ ಹೆಗಲಿಗೆ ಒತ್ತಿಕೊಂಡ. ನಡುಗುವುದಕ್ಕೆ ನನಗೆ ನಾಟಕ ಬೇಕಾಗಿರಲಿಲ್ಲ. ಕಮಲಾಪುರದಲ್ಲಿ ನನ್ನನ್ನು ಮಾವನಿಗೆ ಒಪ್ಪಿಸಿ, ತಿರುಗಿ ನೋಡದೆ ಹೋದ.

ಮಾವ ಒಂದು ವಾರ ನನ್ನನ್ನು ಕಣಜದ ಕೋಣೆಯಲ್ಲಿ ಇಟ್ಟ. ಶನಿವಾರ ಸಂಜೆ ಆರು ಜನ ಬಂದೂಕಿನವರು ಊರಿಗೆ ಬಂದು ಶಾಲೆಯಲ್ಲಿ ಇಳಿದುಕೊಂಡರು. ಅವರ ಹತ್ತಿರ ನನ್ನ ಹೆಸರಿತ್ತು, ಮಾವನ ಹೆಸರೂ ಇತ್ತು. ನಾನು ಸಿಕ್ಕರೆ ನನ್ನ ಕಥೆ ಅಲ್ಲಿಗೇ ಮುಗಿಯುತ್ತದೆ ಎಂಬುದರಲ್ಲಿ ಇಬ್ಬರಿಗೂ ಅನುಮಾನವಿರಲಿಲ್ಲ. ಭಾನುವಾರ ಕೋಳಿ ಕೂಗುವ ಮೊದಲು ಮಾವ ನನ್ನನ್ನು ತೋಟದ ಬಾವಿಗೆ ಇಳಿಸಿದ. ಮೆಟ್ಟಲು ಹದಿನೈದು ಇಳಿದ ಮೇಲೆ ಒಂದು ತಿರುವು, ಆಮೇಲೆ ಮತ್ತೆ ಹತ್ತು. ಕೆಳಗೆ ಗೋಡೆಯಲ್ಲಿ ಎಂದೋ ದೇವರನ್ನಿಡಲು ಕಟ್ಟಿದ ಒಂದು ಗೂಡು. ಒಬ್ಬ ಮನುಷ್ಯ ತಲೆ ಬಗ್ಗಿಸಿ ಒಳಹೊಕ್ಕು ಕೂರಬಹುದು. ಮೇಲೆ ನಿಂತವರಿಗೆ, ತಿರುವಿನಲ್ಲಿ ನಿಂತವರಿಗೂ, ಆ ಗೂಡು ಕಾಣುವುದಿಲ್ಲ. ಬಾವಿಯ ನೀರು ಗೂಡಿನ ನೆಲಕ್ಕೆ ಒಂದು ಬೆರಳು ಕೆಳಗಿತ್ತು.

"ಸಾಬಮ್ಮಗ ಹೇಳೀನಿ," ಎಂದ ಮಾವ. "ಆಕಿ ಬಾಯಿ ಬಿಡಾಂಗಿಲ್ಲ. ನೀ ಅಲುಗಾಡಬ್ಯಾಡ."

ಬೆಳಕು ಹರಿಯುತ್ತಲೇ ಮೊಟ ಶುರುವಾಯಿತು. ತೊಗಲಿನ ಚೀಲ ನನ್ನ ಮೂಗಿನ ಮುಂದೆಯೇ ಇಳಿದು, ಗುಳಗುಳ ಎಂದು ನೀರು ತುಂಬಿಕೊಂಡು ಮೇಲೆ ಹೋಗುತ್ತಿತ್ತು. ಮಧ್ಯಾಹ್ನದ ಹೊತ್ತಿಗೆ ನೀರು ಎರಡು ಮೊಳ ಇಳಿದಿತ್ತು. ಕೊನೆಯ ಸಲ ಇಳಿದ ಚೀಲದ ಬಾಯಲ್ಲಿ ಬಾಳೆಯೆಲೆಯಲ್ಲಿ ಸುತ್ತಿದ ಎರಡು ಜೋಳದ ರೊಟ್ಟಿ, ಒಂದು ಉಳ್ಳಾಗಡ್ಡಿ ಇದ್ದವು. ಮೇಲಿನಿಂದ ಒಂದು ಮಾತೂ ಇಲ್ಲ, ಎತ್ತುಗಳಿಗೆ "ನಿಂದ್ರಿ, ನಿಂದ್ರಿ" ಎನ್ನುವುದು ಬಿಟ್ಟರೆ. ನಾನು ರೊಟ್ಟಿಯನ್ನು ತೆಗೆದುಕೊಂಡ ಮೇಲೆ ಚೀಲ ಮೇಲೆ ಹೋಯಿತು.

ರಾತ್ರಿ ಮಾವ ಬಂದು ನನ್ನನ್ನು ಕರೆದುಕೊಂಡು ಹೋಗಬೇಕಿತ್ತು. ಬರಲಿಲ್ಲ. ಬಂದೂಕಿನವರು ಅವನ ಮನೆಯ ಕಟ್ಟೆಯ ಮೇಲೇ ಮಲಗಿದ್ದರೆಂದು ಆಮೇಲೆ ತಿಳಿಯಿತು. ನಾನು ಗೂಡಿನಲ್ಲೇ ಉಳಿದೆ. ನಡುರಾತ್ರಿ ಬಾವಿಯೊಳಗೆ ಇದ್ದಕ್ಕಿದ್ದಂತೆ ಬೆಳಕು ತುಂಬಿತು. ಗೂಡಿನಿಂದ ಆಕಾಶ ಕಾಣುತ್ತಿರಲಿಲ್ಲ, ಬಗ್ಗಿ ನೋಡಿದರೆ ಚಂದ್ರ ನನ್ನ ಕಾಲ ಕೆಳಗೆ ನೀರಿನಲ್ಲಿ ಇದ್ದ. ಅಷ್ಟು ದೊಡ್ಡ ಚಂದ್ರನನ್ನು ನಾನು ಕಂಡಿರಲಿಲ್ಲ. ಬಂದೇನವಾಜ್ ಹೇಳಿದ್ದು ನಿಜವಾಗಿತ್ತು. ಆ ಹುಣ್ಣಿಮೆಯ ಚಂದ್ರ ಭೂಮಿಯಿಂದ ಎರಡು ಲಕ್ಷ ಇಪ್ಪತ್ತೊಂದೂವರೆ ಸಾವಿರ ಮೈಲಿಯಷ್ಟೇ ದೂರವಿದ್ದನೆಂದು ಎಷ್ಟೋ ವರ್ಷದ ಮೇಲೆ ಒಂದು ಪುಸ್ತಕದಲ್ಲಿ ಓದಿದೆ. ಸಾಮಾನ್ಯ ದಿನಗಳಿಗಿಂತ ಹದಿನೇಳು ಸಾವಿರ ಮೈಲಿ ಹತ್ತಿರ. ನಮ್ಮ ಜೀವಮಾನದಲ್ಲಿ ಚಂದ್ರ ಅಷ್ಟು ಹತ್ತಿರ ಬಂದದ್ದು ಅಪರೂಪವಂತೆ.

ಬೆಳಗಾಗುವ ಹೊತ್ತಿಗೆ ನೀರು ಮತ್ತೆ ಗೂಡಿನ ನೆಲಕ್ಕೆ ಬಂದಿತ್ತು. ಅದರಲ್ಲಿ ವಿಶೇಷವಿಲ್ಲ, ಹಿಂದಿನ ದಿನ ನಾನು ಇಳಿದಾಗಲೂ ಅಲ್ಲೇ ಇತ್ತು. ಅದೇ ಬಾವಿಯ ತುಂಬು ಮಟ್ಟ ಎಂದುಕೊಂಡಿದ್ದೆ. ಮೊಟದ ಸದ್ದಿಗಾಗಿ ಕಿವಿ ನೆಟ್ಟು ಕೂತೆ. ಮೊಟ ಬರಲಿಲ್ಲ. ಬಂದದ್ದು ಬೂಟಿನ ಸದ್ದು.

ಆರೂ ಜನ ಬಂದಿದ್ದರು. ಮಾವನಿಗೆ ಸೇರಿದ್ದೆಲ್ಲವನ್ನೂ ತೋರಿಸೆಂದು ಅವನನ್ನೂ ಎಳೆದು ತಂದಿದ್ದರು. ತೋಟವನ್ನು ಸಾಲು ಸಾಲಾಗಿ ಹುಡುಕಿ, ಏನೂ ಸಿಗದೆ, ಬಾವಿಯ ದಂಡೆಯ ಬೇವಿನ ನೆರಳಿನಲ್ಲೇ ಕೂತು ಒಲೆ ಹೂಡಿದರು. ಅವರು ಕೆಮ್ಮಿದ್ದು, ಉಗುಳಿದ್ದು, ಈರುಳ್ಳಿ ಹೆಚ್ಚಿದ್ದು ಎಲ್ಲ ನನಗೆ ಕೇಳುತ್ತಿತ್ತು. ಆಗಲೇ ನನ್ನ ಪಾದಕ್ಕೆ ತಣ್ಣಗೆ ತಗುಲಿತು. ನೀರು ಗೂಡಿನ ಒಳಗೆ ಬಂದಿತ್ತು.

ಒಂದು ಹರಳಿನಿಂದ ಗೋಡೆಯ ಮೇಲೆ ಗೀರು ಎಳೆದೆ. ಸ್ವಲ್ಪ ಹೊತ್ತಿಗೆ ಗೀರು ಮುಳುಗಿತು. ಇನ್ನೊಂದು ಎಳೆದೆ, ಅದೂ ಮುಳುಗಿತು. ಮಳೆಯಿಲ್ಲ, ಹಳ್ಳವಿಲ್ಲ, ಜನವರಿ ತಿಂಗಳು, ತುಂಬಿದ ಬಾವಿ ಮತ್ತೆ ಯಾಕೆ ಏರಬೇಕು? ನನಗೆ ಉತ್ತರ ಗೊತ್ತಿತ್ತು. ರೂಪಾಯಿಗೆ ನಾಲ್ಕಾಣೆ! ಆ ಹೆದರಿಕೆಯಲ್ಲೂ ನಾನು ಒಳಗೊಳಗೇ ಹಿಗ್ಗಿದೆ ಎಂದರೆ ನಂಬುತ್ತೀರಾ? ಪುಸ್ತಕದಲ್ಲಿ ಕಲಿಸಿದ್ದು ನನ್ನ ಕಾಲ ಬೆರಳ ಮೇಲೆ ನಡೆಯುತ್ತಿತ್ತು. ಬಂದೇನವಾಜನಿಗೆ ಹೇಳಬೇಕು ಎಂದುಕೊಂಡೆ. ಹೇಳಲು ಬದುಕಿರಬೇಕಲ್ಲ ಎಂಬುದು ನೀರು ಸೊಂಟಕ್ಕೆ ಬಂದಾಗ ಹೊಳೆಯಿತು.

ಹುಣ್ಣಿಮೆ ಪೂರ್ತಿಯಾಗುವುದು ಸೋಮವಾರ ನಡು ಮಧ್ಯಾಹ್ನಕ್ಕೆ ಎಂದು ಬಂದೇನವಾಜ್ ಹೇಳಿದ್ದ. ಆಗ ಸೂರ್ಯ ಒಂದು ಕಡೆ, ಚಂದ್ರ ಇನ್ನೊಂದು ಕಡೆ, ಎರಡರ ಸೆಳೆತವೂ ಕೂಡಿಕೊಳ್ಳುತ್ತದೆ. ಈಗಲೇ ಸೊಂಟದ ತನಕ ಬಂದದ್ದು ಮಧ್ಯಾಹ್ನಕ್ಕೆ ಎಲ್ಲಿಗೆ ಹೋದೀತು? ಗೂಡಿನ ಮಾಡು ನನ್ನ ತಲೆಗೆ ಒಂದು ಗೇಣು ಮೇಲಿತ್ತು. ಈಜು ಬರುತ್ತಿರಲಿಲ್ಲ. ನೀರು ಎದೆಗೆ ಬಂತು. ಹಲ್ಲು ಕಟಕಟ ಕಡಿಯುವ ಸದ್ದು ಮೇಲಿನವರಿಗೆ ಕೇಳೀತೆಂದು ಧೋತರದ ಚುಂಗನ್ನು ಬಾಯಿಗೆ ತುರುಕಿಕೊಂಡೆ. ಬಾವಿಯಲ್ಲಿ ಮುಳುಗಿ ಸಾಯುವುದೋ, ಗುಂಡಿಗೆ ಸಾಯುವುದೋ? ಗಾಳಿಯಲ್ಲಿ ಸಾಯೋಣ ಎಂದು ತೀರ್ಮಾನಿಸಿದೆ. ಗೋಡೆ ಹಿಡಿದು ಗೂಡಿನಿಂದ ಹೊರಗೆ ಕಾಲಿಟ್ಟೆ, ಜಾರಿದೆ, ಮೆಟ್ಟಲನ್ನು ಅವುಚಿಕೊಂಡೆ. ನೀರು ದಬ್ಬೆಂದು ಸದ್ದು ಮಾಡಿತು.

ಮೇಲೆ ಮಾತು ನಿಂತಿತು. "ನೀಚೆ ಕೌನ್ ಹೈ?" ಕೆಳಗೆ ಯಾರೆಂದು ಒಬ್ಬ ಕೂಗಿದ.

ಬೂಟುಗಳು ಎದ್ದವು. ಅವುಗಳಿಗಿಂತ ಮೊದಲು ಬರಿಗಾಲುಗಳು ಪಟಪಟನೆ ಮೆಟ್ಟಲಿಳಿದು ಬಂದವು. ಹುಲ್ಲು ಕೊಯ್ಯುವ ನೆವದಲ್ಲಿ ಬೆಳಗಿನಿಂದ ಬಾವಿಯ ಸುತ್ತಲೇ ಸುಳಿಯುತ್ತಿದ್ದ ಸಾಬಮ್ಮ, ಕೈಯಲ್ಲಿ ತನ್ನ ಮಣ್ಣಿನ ಗಡಗಿ ಹಿಡಿದು, ಹನ್ನೆರಡು ವರ್ಷದಲ್ಲಿ ಮೊದಲ ಸಲ ಆ ಮೆಟ್ಟಲುಗಳನ್ನು ಇಳಿದಿದ್ದಳು. ತಿರುವು ದಾಟಿ ನನ್ನ ಮೇಲೆ ಬೀಳುವಂತೆ ಬಂದು ನಿಂತಳು.

"ಎಲ್ಲಿಗ್ರೀ?" ಎಂದಳು ಪಿಸುಗುಟ್ಟಿ.

"ಚಂದ್ರ ಎಳೆಯಾಕತ್ಯಾನ. ನೀರು ಏರಾಕತ್ತದ. ಮುಳುಗ್ತೀನಿ."

ಅವಳು ನನ್ನ ಮುಖವನ್ನು ನೋಡಿದ ನೋಟ ಇನ್ನೂ ಕಣ್ಣ ಮುಂದಿದೆ.

"ಚಂದ್ರಾಮ ಅಲ್ರೀ, ಇವತ್ತ ಸೋಮವಾರ. ಬಸವಣ್ಣಗ ನೊಗ ಇಡಂಗಿಲ್ಲ, ಮೊಟ ಹೂಡಿಲ್ಲ. ಎತ್ತಲಿಲ್ಲಂದ್ರ ಬಾವಿ ಏರ್ತದ, ಸೋಮವಾರಕ್ಕೊಮ್ಮಿ ಹಿಂಗೇ." ಎದುರು ಗೋಡೆಯ ಮೇಲೆ ನೀರಿಗಿಂತ ನಾಲ್ಕು ಬೆರಳು ಮೇಲಿದ್ದ ಒಂದು ಕರಿ ಗೆರೆಯನ್ನು ತೋರಿಸಿದಳು. "ಅಲ್ಲೀತನ ಬರ್ತದ, ಮುಂದ ಬರಂಗಿಲ್ಲ. ಹನ್ನೆರಡು ವರ್ಷ ಮ್ಯಾಲಿಂದ ನೋಡೀನಿ. ಕುತ್ತಿಗಿತನ ಬರ್ತದ, ಕುಂದ್ರಿ. ಒಳಗ ಹೋಗ್ರಿ!"

ಹೋದೆ. ನಂಬಿದೆನೆಂದು ಹೇಳಿದರೆ ಸುಳ್ಳಾಗುತ್ತದೆ, ಆ ಧ್ವನಿಗೆ ಎತ್ತುಗಳು ಹಿಮ್ಮೆಟ್ಟುತ್ತಿದ್ದವು, ನಾನೂ ಹಿಮ್ಮೆಟ್ಟಿದೆ. ನಾನು ಗೂಡಿಗೆ ಸೇರುತ್ತಲೇ ಅವಳು ಗಡಗಿಯನ್ನು ದಬದಬನೆ ನೀರಿಗೆ ಬಡಿದು ಮುಳುಗಿಸಿದಳು. ಬೂಟು ತಿರುವಿನ ತನಕ ಬಂತು. ಬಂದವನಿಗೆ ಗಡಗಿ ತುಂಬಿಕೊಳ್ಳುತ್ತಿರುವ ಒಬ್ಬ ಹೆಂಗಸು ಕಂಡಳು, ಅಷ್ಟೇ.

"ನೀರಡಿಸಿತ್ರೀ ಸಾಹೇಬ್ರ," ಎಂದಳು.

ಅವನು ನಕ್ಕು ತಿರುಗಿ ಹೋದ. ಅಲ್ಲಿಗೆ ಮುಗಿಯಬೇಕಿತ್ತು. ಅವಳು ಮೇಲೆ ಹೋಗುತ್ತಿದ್ದಂತೆ ಮಾವನ ಧ್ವನಿ ಕೇಳಿತು. "ಬಾವಿಗಿ ಇಳಿದಿ? ನನ್ನ ಬಾವಿಗಿ, ನಿನ್ನ ಗಡಗಿ?" ಗಡಗಿ ಕಲ್ಲಿಗೆ ಅಪ್ಪಳಿಸಿ ಒಡೆಯಿತು. ಆಮೇಲೆ ಎತ್ತಿಗೆ ಹೊಡೆಯುವ ಬಾರುಕೋಲಿನ ಸದ್ದು. ಅದು ಅವಳದೇ ಬಾರುಕೋಲು, ಎತ್ತುಗಳ ಮೇಲೆ ಅವಳು ಅದನ್ನು ಎಂದೂ ಬೀಸುತ್ತಿರಲಿಲ್ಲ, ಕೈಯಲ್ಲಿ ಹಿಡಿದಿರುತ್ತಿದ್ದಳು ಅಷ್ಟೇ. ಸಾಬಮ್ಮ ಕೂಗಲಿಲ್ಲ. ಉಸಿರು ಸಿಕ್ಕಿಕೊಂಡಂತೆ ಒಂದು ಸದ್ದು ಮಾತ್ರ ಬರುತ್ತಿತ್ತು. ನಾನು ಕುತ್ತಿಗೆಯ ತನಕ ನೀರಿನಲ್ಲಿ ಕೂತು ಕೇಳುತ್ತಿದ್ದೆ.

ಕೊನೆಗೆ ಬಂದೂಕಿನವನೊಬ್ಬ "ಛೋಡೋ ಜೀ, ಪಾನೀಚ್ ತೋ ಲೀ," ಎಂದ. ಬಿಡಿ, ನೀರನ್ನಷ್ಟೇ ತಾನೇ ತೆಗೆದುಕೊಂಡದ್ದು ಎಂದ. ನನ್ನನ್ನು ಕೊಲ್ಲಲು ಬಂದವನು ಅವನು. ಮಾವ ಬಿಡಲಿಲ್ಲ. ಇನ್ನೂ ಎರಡು ಹಾಕಿದ.

ನೀರು ಕರಿ ಗೆರೆಯ ತನಕ ಬಂತು, ನಿಂತಿತು. ಹುಣ್ಣಿಮೆಯ ಆ ಗಳಿಗೆ ಬಂದು ಹೋಯಿತು, ಒಂದು ಕೂದಲೆಳೆಯಷ್ಟೂ ಏರಲಿಲ್ಲ. ಸಂಜೆಗೆ ಬಂದೂಕಿನವರು ಬೇಸತ್ತು ಹೋದರು. ಸೂರ್ಯ ಮುಳುಗುತ್ತಲೇ ಮಾವ ನನ್ನನ್ನು ಮೇಲೆತ್ತಿ, ಬಾಳೆಗೊನೆ ತುಂಬಿದ ಬಂಡಿಯಲ್ಲಿ ಎಲೆಗಳ ಕೆಳಗೆ ಮಲಗಿಸಿ ಗಡಿಯ ಕಡೆಗೆ ಕಳಿಸಿದ. ಆಗಷ್ಟೇ ಬಾಳೆಯ ಸಾಲಿನ ಹಿಂದಿನಿಂದ ಆ ದೊಡ್ಡ ಚಂದ್ರ ಏಳುತ್ತಿದ್ದ.

"ಸಾಬಮ್ಮನ್ನ ಅಷ್ಟ್ಯಾಕ ಹೊಡೆದ್ರಿ ಮಾವ?" ಎಂದು ಎಲೆಯ ಕೆಳಗಿನಿಂದ ಕೇಳಿದೆ.

"ಹೊಡೀಲಿಲ್ಲಂದ್ರ ಅವರಿಗಿ ಸಂಶಯ ಬರ್ತಿತ್ತು. ನಾಟಕ ಮಾಡಿದೆ," ಎಂದ.

ನಂಬಿದೆ. ಮರುದಿನ ಮಂಗಳವಾರ, ಬಂದೂಕಿನವರೂ ಇಲ್ಲ, ನೋಡುವವರೂ ಇಲ್ಲ, ಮಾವ ಅಯ್ಯನವರನ್ನು ಕರೆಸಿ ಬಾವಿಯನ್ನು ಶುದ್ಧ ಮಾಡಿಸಿದನೆಂದು ನನ್ನ ಅತ್ತೆ ಶಂಕ್ರಮ್ಮ ಎಷ್ಟೋ ತಿಂಗಳ ಮೇಲೆ ಹೇಳಿದಳು. ಶುದ್ಧವಾದ ಬಾವಿಯಿಂದ ಮತ್ತೆ ಮೊಟ ಹೊಡೆದವಳು, ಬೆನ್ನಿಗೆ ಅರಿಸಿನ ಹಚ್ಚಿಕೊಂಡ ಸಾಬಮ್ಮನೇ.

ಸೆಪ್ಟೆಂಬರಿನಲ್ಲಿ ಹೈದರಾಬಾದಿನ ಮೇಲೆ ಭಾರತದ ಪೊಲೀಸ್ ಕಾರ್ಯಾಚರಣೆ ಐದು ದಿನದಲ್ಲಿ ಮುಗಿದು ನಾನು ಕಲಬುರಗಿಗೆ ಮರಳಿದೆ. ಆಗ ಜನ ಮುಸಲ್ಮಾನರ ಮೇಲೆ ಸೇಡು ತೀರಿಸಿಕೊಳ್ಳುತ್ತಿದ್ದರು, ಹೆದರಿ ಅಡಗುವ ಸರದಿ ಬಂದೇನವಾಜನದಾಗಿತ್ತು. ಹನ್ನೊಂದು ದಿನ ನಮ್ಮ ಮನೆಯ ಬಟ್ಟೆಯ ಗಂಟುಗಳ ಹಿಂದೆ ಅವನನ್ನು ಇಟ್ಟುಕೊಂಡೆ. ಕಿಟಕಿಯ ಸಂದಿನಿಂದ ದಾರ ಹಿಡಿದು ಚಂದ್ರನನ್ನು ಅಳೆದು "ಈ ಸಲ ಭಾಳ ದೂರ ಹೋಗ್ಯಾನ," ಎಂದ. ನಾನು ಬಾವಿಯ ಕಥೆ ಹೇಳಿದೆ. ಅಷ್ಟು ಸಂಕಟದಲ್ಲೂ ಅವನಿಗೆ ನಗು ತಡೆಯಲಿಲ್ಲ.

"ಅರೆ ಹುಚ್ಚಾ, ಗಿಲಾಸು! ಬಾವಿ ಅಂದ್ರ ಗಿಲಾಸು ಅಲ್ಲೇನೋ!" ಎಂದ. ಆಮೇಲೆ ನಗು ನಿಲ್ಲಿಸಿ ಕೇಳಿದ, "ಆಕಿಗಿ ಹೋಗಿ ಭೆಟ್ಟಿ ಆದ್ಯೇನು?"

ಆಗಿರಲಿಲ್ಲ. ಶೀಗಿ ಹುಣ್ಣಿಮೆ ಕಳೆದ ಬುಧವಾರ ಕಮಲಾಪುರದವರು ನನಗೆ ಸತ್ಕಾರ ಇಟ್ಟುಕೊಂಡಿದ್ದರು, ಅಂದೇ ಹೋದೆ. ಬಾವಿಯ ದಂಡೆಯ ಬೇವಿನ ಕೆಳಗೇ ಚಪ್ಪರ. ಊರಿಗೆ ಊರೇ ಸೇರಿತ್ತು. ಮಾವ ಜರಿಯ ರುಮಾಲು ಸುತ್ತಿಕೊಂಡು, ಬಂದ ದೊಡ್ಡವರಿಗೆಲ್ಲ ಬಾವಿಯ ಗೂಡನ್ನು ತೋರಿಸಿ "ಇಲ್ಲೇ ಇಟ್ಟಿದ್ದೆ ನನ್ನ ಅಳಿಯನ್ನ," ಎನ್ನುತ್ತಿದ್ದ. ಇಳಿಜಾರಿನ ಮೇಲೆ ಸಾಬಮ್ಮ ಎತ್ತು ನಿಲ್ಲಿಸಿ, ಸದ್ದಾಗಬಾರದೆಂದು ಅವುಗಳ ಕೊರಳ ಗೆಜ್ಜೆಯನ್ನು ಕೈಯಲ್ಲಿ ಹಿಡಿದು ನಿಂತಿದ್ದಳು. ನನಗೆ ಮಾಲೆ ಹಾಕಿ, ಆ ದಿನದ್ದನ್ನು ನಿಮ್ಮ ಬಾಯಿಂದಲೇ ಹೇಳಿ ಎಂದರು.

ಎದ್ದು ನಿಂತೆ. ಹೇಳಬೇಕೆಂದೇ ಬಂದಿದ್ದೆ. ಸೋಮವಾರ ಎಂದು ಹೇಳಿದರೆ, ಅದನ್ನು ನನಗೆ ಹೇಳಿದವರು ಯಾರು ಎಂದು ಹೇಳಬೇಕು. ಅವಳು ಎಲ್ಲಿ ನಿಂತು ಹೇಳಿದಳು, ಆಮೇಲೆ ಅವಳಿಗೆ ಏನಾಯಿತು, ಮಾಡಿದವರು ಯಾರು ಎಂದೂ ಹೇಳಬೇಕು. ಮಾಡಿದವನು ನನ್ನ ಪಕ್ಕದಲ್ಲೇ ಕೂತು ಎಲೆ ಅಡಿಕೆ ಹಾಕಿಕೊಳ್ಳುತ್ತಿದ್ದ. ನನ್ನ ನಾಲಿಗೆ ಹೊರಳಿತು. ಅಂದು ಚಂದ್ರ ಭೂಮಿಗೆ ಬಲು ಹತ್ತಿರ ಬಂದಿದ್ದ ಎಂದೆ. ಸಮುದ್ರ ಉಕ್ಕಿದಂತೆ ಈ ಬಾವಿಯೂ ಉಕ್ಕಿತು, ನೀರು ನನ್ನ ಕುತ್ತಿಗೆಗೆ ಬಂತು, ದೇವರ ದಯೆಯಿಂದ ಅಲ್ಲಿಗೆ ನಿಂತಿತು ಎಂದೆ. ಜನ ಬೆರಗಾಗಿ ಕೇಳಿದರು. ಚಪ್ಪಾಳೆ ತಟ್ಟಿದರು. ಎರಡು ಲಕ್ಷ ಮೈಲಿ ದೂರದವನ ಹೆಸರು ಹೇಳಿದರೆ ಯಾರಿಗೂ ಇರುಸುಮುರುಸಾಗುವುದಿಲ್ಲ. ಸಾಬಮ್ಮ ಇಪ್ಪತ್ತು ಹೆಜ್ಜೆ ದೂರದಲ್ಲಿ ನಿಂತಿದ್ದಳು.

ಊಟವಾದ ಮೇಲೆ, ಯಾರೂ ಇಲ್ಲದ ಹೊತ್ತು ನೋಡಿ, ಒಂದು ಸೀರೆಯ ಗಂಟು ಹಿಡಿದು ಇಳಿಜಾರಿನ ಕಡೆಗೆ ಹೋದೆ. ಅವಳು ಮತ್ತೆ ಮೊಟ ಹೂಡಿದ್ದಳು. ಸೀರೆಯನ್ನು ತೆಗೆದುಕೊಂಡು ಕಣ್ಣಿಗೆ ಒತ್ತಿ ನೊಗದ ಮೇಲೆ ಇಟ್ಟಳು. ಬೆನ್ನಿನ ಮಾತು ತೆಗೆದಾಳು, ಗಡಗಿಯ ಮಾತು ತೆಗೆದಾಳು ಎಂದು ನಾನು ತಲೆ ತಗ್ಗಿಸಿ ನಿಂತಿದ್ದೆ. ಅವಳು ತೆಗೆಯಲಿಲ್ಲ.

"ಸೋಮವಾರ ಇತ್ರೀ ಅವತ್ತ," ಎಂದಳು.

ಹಗ್ಗವನ್ನು ಒಮ್ಮೆ ಜಗ್ಗಿ ನೋಡಿ ಮುಂದುವರಿಸಿದಳು.

"ನಂದೇನ್ರೀ, ಹೇಳಿದ್ರೂ ಅಷ್ಟೇ, ಬಿಟ್ರೂ ಅಷ್ಟೇ. ನೀವು ಮಾಸ್ತರ ಇದ್ದೀರಿ. ಹುಡುಗರಿಗಿ ತಪ್ಪು ಹೇಳಬ್ಯಾಡ್ರಿ."

ಎತ್ತುಗಳಿಗೆ "ಹೋಗ್ರಿ" ಎಂದಳು. ಅವು ಇಳಿಜಾರಿನಲ್ಲಿ ಇಳಿದವು, ಚೀಲ ಮೇಲೆ ಬಂದು ಕಾಲುವೆಗೆ ನೀರು ಸುರಿಯಿತು. ಅವಳು ಇನ್ನೂ ಹತ್ತೊಂಬತ್ತು ವರ್ಷ ಬದುಕಿದಳು. ನಾನು ಇನ್ನೂ ಇಪ್ಪತ್ತೊಂಬತ್ತು ವರ್ಷ ಉಬ್ಬರವಿಳಿತದ ಪಾಠ ಮಾಡಿದೆ, ಕನ್ನಡದಲ್ಲಿ, ಪರಾತವನ್ನೂ ಗಿಲಾಸನ್ನೂ ಮೇಜಿನ ಮೇಲಿಟ್ಟು, ಒಂದು ತಪ್ಪೂ ಇಲ್ಲದೆ. ಆ ಬಾವಿಯ ಮಾತನ್ನು ಮಾತ್ರ ಮಾವ ಬದುಕಿರುವ ತನಕ ಎಲ್ಲಿಯೂ ಆಡಲಿಲ್ಲ. ಮಾವ ಸತ್ತಾಗ ಸಾಬಮ್ಮ ಹೋಗಿ ನಾಲ್ಕು ವರ್ಷವಾಗಿತ್ತು.